ಗೌಹರ್ ಜಾನ್: ಕೀರ್ತಿ, ಕಥೆ ಮತ್ತು ಪ್ರಮಾಣ

ಜನಪ್ರಿಯ ಗಾಯಕರ ಜೀವನವನ್ನು ಇತಿಹಾಸದ ವಿಷಯವೆಂದು ಪರಿಗಣಿಸುವ ರೂಢಿ ನಮ್ಮ ಕಾಲೇಜುಗಳಲ್ಲಿ ಇನ್ನೂ ಬೇರೂರಿಲ್ಲ. ಅರಸನೊಬ್ಬನ ದಾನಶಾಸನವನ್ನು ಅಕ್ಷರ ಅಕ್ಷರವಾಗಿ ಒರೆಗೆ ಹಚ್ಚುವ ನಾವು, ಗಾಯಕಿಯೊಬ್ಬಳ ಮಾತು ಬಂದೊಡನೆ ಕೇಳಿದ್ದನ್ನೆಲ್ಲ ನಂಬಿಬಿಡುತ್ತೇವೆ. ಭಾರತದ ಧ್ವನಿಮುದ್ರಿಕೆಯ ಮೊದಲ ತಾರೆಯೆಂದು ಹೆಸರಾಗಿ, ಕೊನೆಗೆ ನಮ್ಮ ಮೈಸೂರಿನಲ್ಲಿಯೇ ದೇಹವಿಟ್ಟ ಗೌಹರ್ ಜಾನ್ ವಿಷಯದಲ್ಲಿ ಆಗಿರುವುದು ಇದೇ. ಆಕೆಯ ಸಂಗೀತವನ್ನು ಕುರಿತು ಬರೆದವರು ಕೆಲವರು. ಆಕೆಯ ಸಾರೋಟು, ಆಭರಣ, ಬೆಕ್ಕುಗಳನ್ನು ಕುರಿತು ಬರೆದವರು ಹಲವರು.

ಮೊದಲು ನಿಶ್ಚಿತವಾದ ಸಂಗತಿಗಳನ್ನು ಹೇಳಿಬಿಡೋಣ. ಈಕೆ 1873ರಲ್ಲಿ ಆಜಂಗಢದಲ್ಲಿ ಹುಟ್ಟಿದಳು. ಆಗಿನ ಹೆಸರು ಏಂಜಲಿನಾ ಯೋವರ್ಡ್. ತಂದೆ ಆರ್ಮೀನಿಯನ್ ವಂಶದವನು. ತಂದೆತಾಯಿಗಳ ವಿವಾಹ ಮುರಿದ ಬಳಿಕ ತಾಯಿ ಕಾಶಿಗೆ ಬಂದು, ಇಸ್ಲಾಂ ಧರ್ಮವನ್ನು ಸ್ವೀಕರಿಸಿ, ಮಲ್ಕಾ ಜಾನ್ ಎಂಬ ಹೆಸರಿನಿಂದ ಗಾಯಕಿಯಾಗಿಯೂ ಕವಯಿತ್ರಿಯಾಗಿಯೂ ಪ್ರಸಿದ್ಧಳಾದಳು. ಮುಂದೆ ತಾಯಿಮಗಳು ಕಲಕತ್ತೆಯಲ್ಲಿ ನೆಲೆಸಿದರು. ಗೌಹರ್ 1887ರಲ್ಲಿ, ಇನ್ನೂ ಹದಿನಾಲ್ಕರ ಬಾಲೆ, ದರ್ಭಂಗದ ಅರಮನೆಯಲ್ಲಿ ಹಾಡಿ ಮೆಚ್ಚುಗೆ ಪಡೆದಳು. 1902ರ ನವೆಂಬರಿನಲ್ಲಿ ಗ್ರಾಮಾಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಗೆ ಬಂದು ಧ್ವನಿಮುದ್ರಣ ಮಾಡಿದಾಗ ಆಕೆಗೆ ಇಪ್ಪತ್ತೊಂಬತ್ತು ವರ್ಷ. ಭಾರತದಲ್ಲಿ ಮೊದಲು ಹಾಡಿ ಮುದ್ರಿಸಿದವಳು ಈಕೆಯೇ ಎಂದು ಪದೇಪದೇ ಹೇಳುವುದುಂಟು. ಇದು ಸರಿಯಲ್ಲ. ಕೆಲವೇ ದಿನಗಳ ಮುಂಚೆ ರಂಗಭೂಮಿಯ ಶಶಿಮುಖಿ ಮತ್ತು ಫಣಿಬಾಲಾ ಎಂಬ ಇಬ್ಬರು ಹಾಡಿದ್ದರು. ಅವರ ಹೆಸರು ಇಂದು ಯಾರಿಗೂ ನೆನಪಿಲ್ಲ. ಮೊದಲಿಗಳಾದುದರಿಂದ ಗೌಹರ್ ಕೀರ್ತಿವಂತಳಾಗಲಿಲ್ಲ, ಕೀರ್ತಿವಂತಳಾದುದರಿಂದ ಮೊದಲಿಗಳೆನಿಸಿಕೊಂಡಳು.

ಈ ಕೀರ್ತಿಯ ಮೂಲವೆಲ್ಲಿ? ಆಗಿನ ಮುದ್ರಣದ ವಿಧಾನವನ್ನು ಅರಿತಲ್ಲದೆ ಇದಕ್ಕೆ ಉತ್ತರ ದೊರಕದು. ಮೈಕ್ರೋಫೋನು ಮುದ್ರಣಕ್ಕೆ ಬಂದದ್ದು 1925ರ ಸುಮಾರಿಗೆ. ಅದಕ್ಕೆ ಮೊದಲು ಗಾಯಕರು ದೊಡ್ಡದೊಂದು ತುತ್ತೂರಿಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಾಗಿತ್ತು. ತಟ್ಟೆಯ ಒಂದು ಮಗ್ಗುಲಿಗೆ ದೊರೆಯುತ್ತಿದ್ದುದು ಸುಮಾರು ಮೂರು ನಿಮಿಷ. ರಾಗವೊಂದನ್ನು ಒಂದು ತಾಸು ವಿಸ್ತರಿಸಿ ಹಾಡುವ ಪದ್ಧತಿಯವರಿಗೆ ಈ ಮೂರು ನಿಮಿಷ ಸೆರೆಮನೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಗೌಹರ್ ಅದನ್ನೇ ತನ್ನ ಅನುಕೂಲಕ್ಕೆ ತಿರುಗಿಸಿಕೊಂಡಳು. ಆಲಾಪವನ್ನು ಎರಡು ಮೂರು ಸ್ವರಗುಚ್ಛಗಳಿಗೆ ಇಳಿಸಿ, ಪಲ್ಲವಿಯನ್ನು ಒಡನೆಯೇ ಹಿಡಿದು, ಕೊನೆಯಲ್ಲಿ ಮಿಂಚಿನಂಥ ತಾನುಗಳನ್ನು ಹಾಕಿ, ಮುಳ್ಳು ತಟ್ಟೆಯ ನಡುವಿನ ಚೀಟಿಯ ಬಳಿ ಬರುವುದರೊಳಗಾಗಿ ಹಾಡನ್ನು ಪೂರ್ಣಗೊಳಿಸಿದಂತೆ ತೋರಿಸುವ ಕೌಶಲ ಆಕೆಯದು. ಇದರಲ್ಲಿ ನಷ್ಟವೂ ಉಂಟು. ಠುಮರಿಯ ಒಂದೇ ಮಾತನ್ನು ಹತ್ತು ಭಾವಗಳಲ್ಲಿ ತಿರುಗಿಸುವ ಸಾವಧಾನ ಈ ಮುದ್ರಿಕೆಗಳಲ್ಲಿ ಇಲ್ಲ, ಅವಸರ ಕೇಳಿಸುತ್ತದೆ. ಆದರೆ ಇಂದು ನಾವು ಚಿತ್ರಗೀತೆಯೆಂದು, ಪಾಪ್ ಗೀತೆಯೆಂದು ಕರೆಯುವ ಮೂರುನಾಲ್ಕು ನಿಮಿಷದ ಹಾಡಿನ ಅಳತೆ ನಮ್ಮ ಕಿವಿಗೆ ಒಗ್ಗಿದ್ದು ಇಂಥ ತಟ್ಟೆಗಳಿಂದಲೇ ಎಂಬುದನ್ನು ಮರೆಯಲಾಗದು. ಸುಮಾರು ಆರುನೂರು ಮುದ್ರಿಕೆಗಳು, ಹತ್ತಕ್ಕೆ ಕಡಮೆಯಿಲ್ಲದ ಭಾಷೆಗಳು ಎಂಬ ಎಣಿಕೆಯನ್ನು ಈಗ ಸಾಮಾನ್ಯವಾಗಿ ಒಪ್ಪಲಾಗಿದೆ.

ಹಾಡಿನ ಕೊನೆಯಲ್ಲಿ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಘೋಷಿಸುವುದು ಪ್ರಸಿದ್ಧ. ಇದನ್ನು ಗರ್ವದ ಚಿಹ್ನೆಯೆಂದು ಹಲವರು ಬಗೆದಿದ್ದಾರೆ. ನಿಜವಾದ ಕಾರಣ ಅತಿ ಸಾಧಾರಣವಾದುದು. ಮುದ್ರಣಗೊಂಡ ಮೂಲತಟ್ಟೆಗಳು ಜರ್ಮನಿಯ ಹ್ಯಾನೋವರ್ ನಗರದ ಕಾರ್ಖಾನೆಗೆ ಹೋಗುತ್ತಿದ್ದುವು. ಭಾಷೆಯರಿಯದ ಅಲ್ಲಿನ ಕೆಲಸಗಾರರು ಯಾವ ತಟ್ಟೆಗೆ ಯಾವ ಹೆಸರಿನ ಚೀಟಿ ಹಚ್ಚಬೇಕೆಂದು ತಿಳಿಯಲು ಗಾಯಕರೇ ಹೆಸರು ಹೇಳುವ ಏರ್ಪಾಡಾಗಿತ್ತು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ಕಾರ್ಖಾನೆ ಆರಂಭವಾದ ಮೇಲೆ ಈ ಅಗತ್ಯ ತಪ್ಪಿತು. ಆದರೂ, ಬೇರೆಯವರ ಬಾಯಲ್ಲಿ ಗುಮಾಸ್ತೆಯ ವರದಿಯಂತಿದ್ದ ಆ ಘೋಷಣೆ ಈಕೆಯ ಬಾಯಲ್ಲಿ ಹಾಡಿನ ಒಂದು ಅಂಗವೇ ಆಗಿಬಿಟ್ಟಿತೆಂಬುದನ್ನು ಕೇಳಿದವರು ಬಲ್ಲರು. ಕಾರಖಾನೆಯ ಅಗತ್ಯವನ್ನು ವ್ಯಕ್ತಿತ್ವದ ಮುದ್ರೆಯನ್ನಾಗಿ ಮಾಡಿಕೊಂಡುದೇ ಆಕೆಯ ಜಾಣ್ಮೆ.

ಇನ್ನು ಕಥೆಗಳ ವಿಚಾರ. ರಾಜ್ಯಪಾಲರಿಗೆ ಮೀಸಲಾದ ನಾಲ್ಕು ಕುದುರೆಗಳ ಸಾರೋಟಿನಲ್ಲಿ ಸಂಚರಿಸಿ ದಿನಕ್ಕೆ ಸಾವಿರ ರೂಪಾಯಿ ದಂಡ ತೆತ್ತಳೆಂದೂ, ತನ್ನ ಬೆಕ್ಕು ಮರಿ ಹಾಕಿದ ಸಂಭ್ರಮಕ್ಕೆ ಇಪ್ಪತ್ತು ಸಾವಿರ ವೆಚ್ಚ ಮಾಡಿದಳೆಂದೂ, ದತಿಯಾ ಸಂಸ್ಥಾನಕ್ಕೆ ಹೋಗಲು ಇಡೀ ರೈಲನ್ನೇ ಕೇಳಿದಳೆಂದೂ ಹೇಳುತ್ತಾರೆ. ಇವುಗಳಲ್ಲಿ ಸತ್ಯಾಂಶವಿರಬಹುದು. ಆದರೆ ಸಂಖ್ಯೆಗಳೆಲ್ಲ ದುಂಡಾಗಿವೆ; ಹೇಳುವವರು ತಾರೀಖನ್ನು ಮಾತ್ರ ಹೇಳುವುದಿಲ್ಲ. ಶಾಸನದಲ್ಲಿ ಇಂಥದೊಂದು ಸಾಲು ಬಂದಿದ್ದರೆ ಅದನ್ನು ಪ್ರಕ್ಷಿಪ್ತವೆಂದು ಶಂಕಿಸದೆ ಬಿಡುತ್ತಿದ್ದೆವೇ? ಅಲ್ಲದೆ ಈ ಕಥೆಗಳಿಂದ ಯಾರಿಗೆ ಲಾಭವಾಯಿತೆಂದು ಕೇಳುವುದು ಇತಿಹಾಸಕಾರನ ಧರ್ಮ. ಮುದ್ರಿಕೆ ಮಾರುವವರಿಗೆ ಲಾಭ. ಮನೆಯ ಹೆಂಗಸರ ಮುಂದೆ ಹೆಸರೆತ್ತಬಾರದವಳ ಹಾಡನ್ನು ಮನೆಯೊಳಗೆ ಕುಳಿತು ಕೇಳುವ ಗೃಹಸ್ಥನಿಗೆ ಒಂದು ರೋಮಾಂಚ. ಗಾಯಕಿಗೂ ಅಷ್ಟಿಷ್ಟು ಲಾಭ. ನಷ್ಟವಾದುದು ಆಮೇಲೆ. ನ್ಯಾಯಾಲಯದ ದಾಖಲೆಗಳನ್ನು ಆಧರಿಸಿ ವಿಕ್ರಂ ಸಂಪತ್ ಅವರು 2010ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಮುಂದಿಡುವ ಚಿತ್ರವೇ ಬೇರೆ: ತಾಯಿಯ ಆಸ್ತಿಗೆ ಹಕ್ಕುದಾರನೆಂದು ಮುಂದೆ ಬಂದವನೊಡನೆ ವ್ಯಾಜ್ಯ, ತನ್ನ ಜನ್ಮವನ್ನು ಸಿದ್ಧಪಡಿಸಲು ದೂರವಾದ ತಂದೆಯನ್ನು ಹುಡುಕಬೇಕಾದ ದುರವಸ್ಥೆ, ನಂಬಿದವನೊಡನೆಯೂ ಮೊಕದ್ದಮೆ. ಬೆಕ್ಕಿನ ಔತಣವನ್ನು ಬಲ್ಲವರಿಗೆಲ್ಲ ಈ ಮೊಕದ್ದಮೆಗಳು ತಿಳಿದಿಲ್ಲವೆಂಬುದು ನಮ್ಮ ದೂರು.

ಮೈಸೂರಿನ ಪ್ರಕರಣವನ್ನು ನಾವು ಇನ್ನೂ ಗಂಭೀರವಾಗಿ ಓದಿಲ್ಲವೆನಿಸುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿಯೇ, 1909ರಲ್ಲಿ, ಮುಜರಾಯಿ ದೇವಾಲಯಗಳಿಂದ ದೇವದಾಸಿಯರ ಸೇವೆಯನ್ನು ಸಂಸ್ಥಾನ ತೆಗೆದುಹಾಕಿತು. ಅದೇ ಒಡೆಯರು 1928ರ ಆಗಸ್ಟ್ 1ರಂದು ಗೌಹರ್ ಜಾನಳನ್ನು ಅರಮನೆಯ ವಿದುಷಿಯಾಗಿ ನೇಮಿಸಿದರು. ತವಾಯಫರೂ ದೇವದಾಸಿಯರೂ ಒಂದೇ ಅಲ್ಲ, ನಿಜ. ದೇವಾಲಯ ಬೇರೆ, ಅರಮನೆ ಬೇರೆ. ಆದರೂ ಒಂದೇ ಆಡಳಿತ ಒಂದೆಡೆ ಕಲಾವಿದೆಯರ ಕುಲವೊಂದನ್ನು ಹೊರಗಿಟ್ಟು, ಇನ್ನೊಂದೆಡೆ ಒಬ್ಬಳನ್ನು ಗೌರವದಿಂದ ಬರಮಾಡಿಕೊಂಡುದು ಕೇವಲ ಔದಾರ್ಯದ ಕಥೆಯಾಗಿ ಮುಗಿಯತಕ್ಕದ್ದಲ್ಲ. ಆಕೆ 1930ರ ಜನವರಿ 17ರಂದು ಮೈಸೂರಿನಲ್ಲಿ ತೀರಿಕೊಂಡಳು.

ನಮ್ಮ ಭಾಗಕ್ಕೆ ಇನ್ನೂ ಹತ್ತಿರದವಳು ಬೀಳಗಿಯ ಗೌಹರಬಾಯಿ ಕರ್ನಾಟಕಿ. ಹೆಸರಿನ ಸಾಮ್ಯದಿಂದ ಈ ಇಬ್ಬರನ್ನು ಒಬ್ಬಳೆಂದು ಭಾವಿಸುವ ವಿದ್ಯಾರ್ಥಿಗಳುಂಟಾದ್ದರಿಂದ ಇಷ್ಟು ಹೇಳಬೇಕಾಯಿತು. ಈಕೆಯ ಸೋದರಿ ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶದಾದ್ಯಂತ ಮನೆಮಾತಾದಳು. ಗೌಹರಬಾಯಿ ಬಾಲಗಂಧರ್ವರ ಹಾಡುಗಾರಿಕೆಯನ್ನು ಒಲಿಸಿಕೊಂಡು, ಮುದ್ರಿಕೆಗಳಿಂದ ಹೆಸರಾಗಿ, 1930ರ ದಶಕದ ಕೊನೆಯಲ್ಲಿ ಅವರ ನಾಟಕ ಮಂಡಳಿಯನ್ನೇ ಸೇರಿದಳು. ಮರಾಠಿ ರಸಿಕರು ಮುನಿದರು. ಪುರುಷನೊಬ್ಬ ಸೀರೆಯುಟ್ಟು ನಾಯಿಕೆಯಾದಾಗ ಮೂರು ದಶಕಗಳ ಕಾಲ ಮೈಮರೆತ ಪ್ರೇಕ್ಷಕವರ್ಗಕ್ಕೆ, ಸ್ತ್ರೀಯೊಬ್ಬಳು ಅದೇ ಪಾತ್ರಕ್ಕೆ ಬಂದುದು ಅಪಚಾರವೆನಿಸಿತು! ನಟನ ಕಷ್ಟನಷ್ಟಗಳಿಗೆಲ್ಲ ಈಕೆಯೇ ಕಾರಣಳೆಂಬ ಮಾತು ಹಬ್ಬಿತು. ಮಂಡಳಿಯ ಸಾಲ ಆಕೆ ಬರುವುದಕ್ಕೆ ಎಷ್ಟೋ ಮುಂಚಿನದೆಂಬುದನ್ನು ಯಾರೂ ಎಣಿಸಲಿಲ್ಲ. ಬಾಲಗಂಧರ್ವರು 1951ರಲ್ಲಿ ಆಕೆಯನ್ನು ಮದುವೆಯಾದರು. 1964ರಲ್ಲಿ ಆಕೆ ತೀರಿಕೊಂಡಳು. ಮರಾಠಿಯವರು ಆಕೆಯನ್ನು ಹೊರಗಿನವಳೆಂದರು; ಹಾಡಿದ್ದು ಮರಾಠಿಯಲ್ಲಿ ಎಂದು ಕನ್ನಡಿಗರು ತಮ್ಮವಳೆಂದು ಎಣಿಸಲಿಲ್ಲ. ಎರಡು ನುಡಿಗಳ ನಡುವೆ ಬಾಳುವ ಬೆಳಗಾವಿಯವರಾದ ನಮಗೆ ಈ ಅನಾಥಸ್ಥಿತಿ ಅಪರಿಚಿತವಲ್ಲ.

ಇಂದಿನ ಮಾತನ್ನೂ ಒಂದಿಷ್ಟು ಆಡಬಹುದು. 2020ರ ಆಗಸ್ಟ್ ತಿಂಗಳಲ್ಲಿ ರ್‍ಯಾಪ್ ಗಾಯಕ ಚಂದನ್ ಶೆಟ್ಟಿಯವರು ಮಲೆಮಹದೇಶ್ವರನ ಪರಂಪರೆಗೆ ಸೇರಿದ ಜನಪದ ಗೀತೆಯೊಂದನ್ನು ಹೊಸ ಬಗೆಯಲ್ಲಿ ಹೊರತಂದಾಗ ಭಕ್ತರು ಕೆರಳಿದರು, ಗಾಯಕರು ಕ್ಷಮೆ ಕೋರಿದರು, ಗಲಾಟೆ ತಣ್ಣಗಾಯಿತು. ಆಕ್ಷೇಪಕ್ಕೆ ಗುರಿಯಾದುದು ಮುಖ್ಯವಾಗಿ ದೃಶ್ಯದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ಉಡುಗೆತೊಡುಗೆ, ನೃತ್ಯ. ಭಕ್ತರ ನೋವು ಹುಸಿಯೆಂದು ನಾವು ಹೇಳುವುದಿಲ್ಲ. ಆದರೆ ಗಾಯಕ ಪುರುಷನಾದಾಗಲೂ ವಿವಾದ ಸ್ತ್ರೀಯ ಉಡುಪಿನ ಸುತ್ತಲೇ ಸುತ್ತುವುದೂ, ಪುರುಷನಿಗೆ ಅದು ಕೆಲವು ದಿನಗಳ ಮಾತಾಗಿ ಮುಗಿಯುವುದೂ, ಸ್ತ್ರೀಗೆ ಆಯುಷ್ಯದ ಹಣೆಪಟ್ಟಿಯಾಗುವುದೂ ವಿಚಾರಾರ್ಹ. ‘ಪ್ರಚೋದಕ’ ಎಂಬ ವಿಶೇಷಣವನ್ನು ನಮ್ಮ ಪ್ರಬಂಧಗಳಲ್ಲಿ ಬಳಸುವಾಗ ಯಾರು, ಯಾರನ್ನು, ಯಾವ ಲಾಭಕ್ಕಾಗಿ ಎಂಬ ಮೂರು ಪ್ರಶ್ನೆಗಳನ್ನು ಒಡನೆಯೇ ಕೇಳುವುದೊಳ್ಳೆಯದು.

ಇದಕ್ಕೆ ಬೇಕಾದ ಸಾಮಗ್ರಿ ದೂರದ ಪತ್ರಾಗಾರಗಳಲ್ಲಿ ಮಾತ್ರ ಇದೆಯೆಂದು ತಿಳಿಯಬೇಕಾಗಿಲ್ಲ. ಅನಗೋಳ, ಶಹಾಪುರ, ಖಾನಾಪುರಗಳ ಹಳೆಯ ಮನೆಗಳ ಅಟ್ಟಗಳನ್ನು ನಮ್ಮ ವಿದ್ಯಾರ್ಥಿಗಳು ಒಮ್ಮೆ ಶೋಧಿಸಲಿ. ಅರಗಿನ ತಟ್ಟೆ ದೊರೆತರೆ ಮೊದಲು ಬಾರಿಸಲು ಹೋಗದೆ, ಒದ್ದೆ ಬಟ್ಟೆಯಿಂದ ಒರಸದೆ, ಚೀಟಿಯ ಮೇಲಿನ ಹೆಸರು ಮತ್ತು ಸಂಖ್ಯೆಗಳನ್ನೂ, ಚೀಟಿಯ ಸುತ್ತ ನುಣುಪಾದ ಭಾಗದಲ್ಲಿ ಕೊರೆದಿರುವ ಚಿಕ್ಕ ಅಂಕಿಗಳನ್ನೂ ಬರೆದುಕೊಳ್ಳತಕ್ಕದ್ದು. ಹಾಡಿದ ವರ್ಷವನ್ನು ಬಹುಮಟ್ಟಿಗೆ ಆ ಅಂಕಿಗಳಿಂದಲೇ ನಿರ್ಣಯಿಸಬಹುದಾಗಿದೆ.