ಬಂದ ರಾಮ, ಹೋದ ರಾಮ: ಕರೆದವರು ಯಾರು?

'ಆಯಾ ರಾಮ್, ಗಯಾ ರಾಮ್'. ಬಂದ ರಾಮ, ಹೋದ ರಾಮ. ಪಕ್ಷಾಂತರದ ಸುದ್ದಿ ಬಂದಾಗಲೆಲ್ಲ ಕನ್ನಡ ಪತ್ರಿಕೆಗಳೂ ಅನುವಾದಿಸದೆ ಹಾಗೆಯೇ ಬಳಸುವ ಮಾತಿದು. ವಿಡಂಬನೆಯ ಭಾಷೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಇದನ್ನೊಂದು ಪುಟ್ಟ ಪಠ್ಯವೆಂದೇ ಓದಬೇಕೆನ್ನಿಸುತ್ತದೆ. ನಾಲ್ಕು ಪದಗಳ ಈ ಪಠ್ಯಕ್ಕೆ ಒಬ್ಬ ನಾಯಕ ಇದ್ದಾನೆ, ಒಬ್ಬ ಕರ್ತೃವೂ ಇದ್ದಾನೆ. ನಾಯಕ ಎಲ್ಲರಿಗೂ ಗೊತ್ತು, ಕರ್ತೃ ಮಾತ್ರ ಮರೆಯಲ್ಲಿದ್ದಾನೆ. ಈ ಲೇವಡಿಯ ಸೊಗಸೂ ಅದರ ದೋಷವೂ ಅಲ್ಲೇ ಇದೆ.

ನಾಯಕ ಗಯಾ ಲಾಲ್. ಹರಿಯಾಣ ರಾಜ್ಯವಾದದ್ದು 1966ರ ನವೆಂಬರ್ 1ರಂದು. ಮರುವರ್ಷ ನಡೆದ ಮೊದಲ ಚುನಾವಣೆಯಲ್ಲಿ ಅವರು ಹಸನ್‌ಪುರದಿಂದ ಪಕ್ಷೇತರರಾಗಿ ಗೆದ್ದು ಕಾಂಗ್ರೆಸ್ ಸೇರಿದರು. ಆಮೇಲೆ ಹದಿನೈದು ದಿನಗಳೊಳಗೆ ಮೂರು ಸಲ ಪಕ್ಷ ಬದಲಿಸಿದರು: ಕಾಂಗ್ರೆಸ್‌ನಿಂದ ಸಂಯುಕ್ತ ರಂಗಕ್ಕೆ, ಅಲ್ಲಿಂದ ಮತ್ತೆ ಕಾಂಗ್ರೆಸ್‌ಗೆ, ಒಂಬತ್ತೇ ಗಂಟೆಗಳಲ್ಲಿ ಪುನಃ ರಂಗಕ್ಕೆ. ಆಗ ಅವರನ್ನು ಚಂಡೀಗಢದಲ್ಲಿ ಪತ್ರಕರ್ತರ ಮುಂದೆ ನಿಲ್ಲಿಸಿ, 'ಗಯಾ ರಾಮ್ ಈಗ ಆಯಾ ರಾಮ್' ಎಂದು ಸಾರಿದವರು ರಾವ್ ಬೀರೇಂದ್ರ ಸಿಂಗ್.

ಹೆಸರಿನಲ್ಲಿರುವ 'ಗಯಾ' ಹಿಂದಿಯಲ್ಲಿ 'ಹೋದ' ಎಂಬ ಪದವೂ ಹೌದು. 'ಲಾಲ್' ಕಳಚಿ 'ರಾಮ್' ಅಂಟಿಸಿದ್ದರಿಂದ ಒಬ್ಬ ಶಾಸಕ ಯಾರೂ ಆಗಬಹುದಾದ ಒಬ್ಬ ಮನುಷ್ಯನಾದ. ಶ್ಲೇಷೆ ಚೆನ್ನಾಗಿಯೇ ಇದೆ. ಆದರೆ ಆಡಿದವರನ್ನು ಗಮನಿಸಿ. ಬೀರೇಂದ್ರ ಸಿಂಗ್ ಆಗಷ್ಟೇ ಕಾಂಗ್ರೆಸ್ಸಿನಲ್ಲಿ ಬಂಡೆದ್ದು ಹೊರಬಂದವರು. ಭಗವತ್ ದಯಾಳ್ ಶರ್ಮರ ಸರ್ಕಾರ ಉರುಳಿದ ಮೇಲೆ 1967ರ ಮಾರ್ಚ್ 24ರಂದು ಮುಖ್ಯಮಂತ್ರಿಯಾದವರು. ಅಂದರೆ ಇದು ಹುಟ್ಟಿದಾಗ ವಿಡಂಬನೆಯಾಗಿರಲಿಲ್ಲ. ಬಂದವನನ್ನು ಬರಮಾಡಿಕೊಂಡವರು ಗೆಲುವಿನ ಉಮೇದಿನಲ್ಲಿ ಆಡಿದ ಸ್ವಾಗತದ ಮಾತಾಗಿತ್ತು. ಮುಂದೆ ಜನ ಅದನ್ನು ಕಸಿದುಕೊಂಡು ಬೈಗುಳ ಮಾಡಿದರು, ಸರಿಯೇ. ಆದರೆ ಬೈಗುಳ ಗಯಾ ಲಾಲರ ತಲೆಗೆ ಬಿತ್ತು, ಸ್ವಾಗತಿಸಿದವರು ಗಾದೆಯಿಂದಾಚೆ ಉಳಿದರು.

ಈಗ ವ್ಯಾಕರಣ ನೋಡೋಣ. 'ಬಂದ', 'ಹೋದ' ಎರಡೂ ಅಕರ್ಮಕ ಕ್ರಿಯಾಪದಗಳು. ಕರೆಸಿದವರಿಗೆ, ಕಳಿಸಿದವರಿಗೆ, ಏನು ಕೊಟ್ಟು ಕರೆಸಿದರು ಎಂಬುದಕ್ಕೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ರಾಮ ತನ್ನ ಪಾಡಿಗೆ ಬರುತ್ತಾನೆ, ಹೋಗುತ್ತಾನೆ. ವಾಸ್ತವ ಹಾಗಿರಲಿಲ್ಲ. ಅದೇ ವರ್ಷದ ಲೋಕಸಭೆಯ ನಿರ್ಣಯದಂತೆ ರಚನೆಯಾದ, ಗೃಹ ಸಚಿವ ವೈ.ಬಿ. ಚವಾಣ್ ಅಧ್ಯಕ್ಷತೆಯ ಸಮಿತಿ, ಕೆಲವು ರಾಜ್ಯಗಳ 210 ಪಕ್ಷಾಂತರಿ ಶಾಸಕರಲ್ಲಿ 116 ಮಂದಿ ತಾವೇ ತರಲು ನೆರವಾದ ಸರ್ಕಾರಗಳಲ್ಲಿ ಮಂತ್ರಿಗಳಾದರು ಎಂದು ದಾಖಲಿಸಿತು. ಮಂತ್ರಿಗಿರಿಯನ್ನು ಯಾರೂ ತಾವೇ ತೆಗೆದುಕೊಳ್ಳಲಾರರು, ಇನ್ನೊಬ್ಬರು ಕೊಡಬೇಕು. ಆ ಕೊಡುವ ಕೈ ಗಾದೆಯಲ್ಲಿ ಕಾಣುವುದಿಲ್ಲ.

ಕಾನೂನೂ ಗಾದೆಯ ವ್ಯಾಕರಣವನ್ನೇ ಅನುಸರಿಸಿತು ಎಂಬುದು ನನ್ನ ವಾದ. 1985ರಲ್ಲಿ 52ನೇ ತಿದ್ದುಪಡಿಯ ಮೂಲಕ ಬಂದ ಸಂವಿಧಾನದ ಹತ್ತನೇ ಅನುಸೂಚಿ ಹೋದವನ ಸದಸ್ಯತ್ವವನ್ನು ರದ್ದು ಮಾಡುತ್ತದೆ. ಕರೆಸಿಕೊಂಡವರಿಗೆ ಅದರಲ್ಲಿ ಯಾವ ಶಿಕ್ಷೆಯೂ ಇಲ್ಲ. ಮೂರನೇ ಒಂದು ಭಾಗ ಒಟ್ಟಾಗಿ ಒಡೆದರೆ ಅದು ಪಕ್ಷಾಂತರವಲ್ಲ ಎಂಬ ವಿನಾಯಿತಿ 2003ರವರೆಗೂ ಇತ್ತು. ಮೂರನೇ ಎರಡರಷ್ಟು ಮಂದಿ ವಿಲೀನಕ್ಕೆ ಒಪ್ಪಿದರೆ ಇಂದಿಗೂ ವಿನಾಯಿತಿ ಇದೆ. ಒಂಟಿ ರಾಮ ತಪ್ಪಿತಸ್ಥ, ಗುಂಪಾಗಿ ಹೊರಟ ರಾಮರು ನಿರ್ದೋಷಿಗಳು. ಅದೇ ಹರಿಯಾಣದಲ್ಲಿ 1980ರ ಆರಂಭದಲ್ಲಿ ಭಜನ್ ಲಾಲ್ ತಮ್ಮ ಮಂತ್ರಿಮಂಡಲ ಸಮೇತ ಜನತಾ ಪಕ್ಷದಿಂದ ಕಾಂಗ್ರೆಸ್‌ಗೆ ಹೋದರು. ಅವರ ಹೆಸರಿನ ಗಾದೆ ನಾನಂತೂ ಕೇಳಿಲ್ಲ.

ಕನ್ನಡದ ಪದಗಳು ಇದಕ್ಕಿಂತ ಮೇಲೇ? 'ಕುದುರೆ ವ್ಯಾಪಾರ' ಎಂದಾಗ ವ್ಯಾಪಾರಿ ಇದ್ದಾನೆಂಬ ಸುಳಿವಾದರೂ ಸಿಗುತ್ತದೆ. 2008ರಲ್ಲಿ ನಮ್ಮಲ್ಲಿ ಚಾಲ್ತಿಗೆ ಬಂದ 'ಆಪರೇಷನ್ ಕಮಲ' ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕತ್ತರಿ ಹಿಡಿದ ಡಾಕ್ಟರನ್ನೂ ತೋರಿಸಿತು. ಆದರೆ ಅಲ್ಲಿ ಶಾಸಕ ಅರಿವಳಿಕೆಯಲ್ಲಿ ಮಲಗಿದ ರೋಗಿಯಾಗಿಬಿಡುತ್ತಾನೆ. ಅವನ ಹೊಣೆ ಜಾರಿಹೋಗುತ್ತದೆ. 2019ರಲ್ಲಿ ಇಲ್ಲಿ 17 ಶಾಸಕರು ಅನರ್ಹರಾದರು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಮತ್ತೆ ಸ್ಪರ್ಧಿಸಲು ಬಿಟ್ಟಿತು. ಉಪಚುನಾವಣೆಯಲ್ಲಿ ಗೆದ್ದವರ ಪೈಕಿ 10 ಮಂದಿ 2020ರ ಫೆಬ್ರವರಿಯಲ್ಲಿ ಮಂತ್ರಿಗಳಾದರು. ಚವಾಣ್ ಸಮಿತಿ ಕಂಡ ಲೆಕ್ಕ ಅರ್ಧ ಶತಮಾನದ ನಂತರವೂ ಹಳತಾಗಿರಲಿಲ್ಲ.

ಗೆಲ್ಲಿಸಿದ್ದು ಮತದಾರರೇ ಅಲ್ಲವೇ ಎಂದು ಕೇಳಬಹುದು. ಹೌದು. ಗಯಾ ಲಾಲ್ ಕೂಡ 1977ರಲ್ಲಿ ಜನತಾ ಪಕ್ಷದಿಂದ ಮತ್ತೆ ಗೆದ್ದರು. ಗಾದೆಯಾದ ಹೆಸರು ಅವರನ್ನು ಸೋಲಿಸಲಿಲ್ಲ. ಲೇವಡಿಯೊಂದೇ ಸಾಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ನಗು ಒಬ್ಬನನ್ನು ನಾಚಿಸಬಹುದು, ಆದರೆ ವ್ಯವಹಾರಕ್ಕೆ ಎರಡು ಕಡೆ ಇರುತ್ತದೆ. ಹಾಗೆಂದು ಈ ಮಾತನ್ನು ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಅರವತ್ತು ವರ್ಷಗಳ ಹತ್ತಿರ ಬಾಳಿದ ನುಡಿಗಟ್ಟು ಅದು, ಇನ್ನೂ ಬಾಳಲಿ. ಮುಂದಿನ ಸಲ ಅದನ್ನು ಓದುವಾಗ, ಬರೆಯುವಾಗ, ಪಕ್ಕದಲ್ಲಿ ಒಂದು ಸಕರ್ಮಕ ಕ್ರಿಯಾಪದವನ್ನೂ ಇಟ್ಟುಕೊಳ್ಳೋಣ: ರಾಮ ಬಂದ, ಸರಿ, ಅವನನ್ನು ಕರೆಸಿದವರು ಯಾರು?