ಹಚ್ಚುವ ಹಕ್ಕು ಯಾರದು?

ಕನ್ನಡ ಕವಿಗಳು ಬೆಳಕಿನ ಮೇಲೆ ಬರೆದಷ್ಟು ಒಲೆಯ ಮೇಲೆ ಬರೆದಿಲ್ಲ. ಬೆಳಕು ಜ್ಞಾನವಾಯಿತು, ದೇವರಾಯಿತು, ಪ್ರೇಮವೂ ಆಯಿತು. ನಮ್ಮ ಕೇರಿಯ ಅವ್ವಂದಿರಿಗೆ ಬೆಳಕೆಂದರೆ ತಲೆ ಮೇಲೆ ಹೊತ್ತು ತಂದ ಕಟಗಿ ಹೊರೆ, ಅಂಗಡಿಯಿಂದ ಉದ್ರಿ ತಂದ ಚಿಮಣಿ ಎಣ್ಣಿ. ಕಾಲೇಜಿನಲ್ಲಿ ನಮಗೆ ಈ ಕಾವ್ಯಮೀಮಾಂಸೆಯನ್ನು ಯಾರೂ ಹೇಳಿಕೊಡಲಿಲ್ಲ. ಅದಕ್ಕೇ ಈ ಸಲ ನಾವು ಕವನ ಸಂಕಲನ ಬಿಟ್ಟು ಒಂದು ಸರ್ಕಾರಿ ಕರಾರನ್ನು ವಿಮರ್ಶೆಗೆ ಎತ್ತಿಕೊಂಡಿದ್ದೇವೆ.

1984ರಲ್ಲಿ ಕರ್ನಾಟಕ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ 'ಕರ್ನಾಟಕ ಪಲ್ಪ್‌ವುಡ್ಸ್ ಲಿಮಿಟೆಡ್' ಎಂಬ ಕಂಪನಿ ಕಟ್ಟಿತು. ಬಿರ್ಲಾ ಮನೆತನದ ಆ ಕಾರ್ಖಾನೆಯ ಹೆಸರು ಹರಿಹರದ್ದು. ಅದು ಇರುವುದು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣಂನಲ್ಲಿ, ತುಂಗಭದ್ರೆಯ ದಂಡೆಗೆ. ರಯಾನಿಗೆ ಮರದ ತಿರುಳು ಬೇಕು, ತಿರುಳಿಗೆ ನೀಲಗಿರಿ ಬೇಕು, ನೀಲಗಿರಿಗೆ ನೆಲ ಬೇಕು. ಸುಮಾರು 30,000 ಹೆಕ್ಟೇರ್ ಊರೊಟ್ಟಿನ ನೆಲವನ್ನು 40 ವರ್ಷ ಗೇಣಿಗೆ ಕೊಡುವುದೆಂದಾಯಿತು. ಕಾಗದದಲ್ಲಿ ಅದು 'ಸಿ ಮತ್ತು ಡಿ ದರ್ಜೆ'ಯ ಭೂಮಿ. ಅಂದರೆ ಪಾಳು.

ಗೆಳೆಯರೇ, ಈ 'ಪಾಳು' ಎಂಬ ಪದವನ್ನು ತಿರುವಿ ನೋಡಿ. ಯಾರ ಕಣ್ಣಿಗೆ ಪಾಳು? ಹೊಲವಿದ್ದವನ ದನಕ್ಕೆ ಬದುವಿನ ಹುಲ್ಲಿದೆ, ಒಲೆಗೆ ಹತ್ತಿಕಟಗಿ ಇದೆ. ಹೊಲವಿಲ್ಲದವರಿಗೆ ಆಡು ಮೇಯಿಸಲು, ಕಟಗಿ ಆಯಲು, ಕಸಬರಿಗೆ ಹುಲ್ಲು ಕೊಯ್ಯಲು ಇದ್ದದ್ದು ಈ ಪಾಳು ಒಂದೇ. ನೀಲಗಿರಿ ಎಲೆಯನ್ನು ಆಡೂ ಮುಟ್ಟೂದಿಲ್ಲ! ಮೊದಲು ಹೆಸರು ಕೆಡಿಸು, ಆಮೇಲೆ ಕಸಿದುಕೋ. ನಮ್ಮ ಜನರ ಮೇಲೆ ನಡೆದದ್ದೇ ನೆಲದ ಮೇಲೂ ನಡೆಯಿತು. ಕರಾರು ಸರ್ಕಾರ ಮತ್ತು ಕಂಪನಿಯ ನಡುವೆ. ಊರು ಎಂಬ ಪಾತ್ರವೇ ಆ ಕತೆಯಲ್ಲಿಲ್ಲ.

ಊರು ತನ್ನ ರುಜುವನ್ನು 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಹಾಕಿತು. ಆಗ ಅದು ಧಾರವಾಡ ಜಿಲ್ಲೆ, 1997ರಿಂದ ಹಾವೇರಿ. ಸಮಾಜ ಪರಿವರ್ತನ ಸಮುದಾಯದ ಕರೆಗೆ ಸೇರಿದ ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಸಸಿ ನೆಟ್ಟರು. ಹೋರಾಟದ ಹೆಸರು 'ಕಿತ್ತಿಕೋ-ಹಚ್ಚಿಕೋ'. ನಮ್ಮ ಕಡೆ ಗಿಡಾನೂ ಹಚ್ಚತಾರ, ಒಲೀನೂ ಹಚ್ಚತಾರ, ದೀಪಾನೂ ಹಚ್ಚತಾರ. ನೆಲದ ಹಕ್ಕು ಬೇರೆ, ಉರಿಯ ಹಕ್ಕು ಬೇರೆ ಎಂದು ನಮ್ಮ ಮಾತು ಎಂದೂ ಒಪ್ಪಿಲ್ಲ. 1991ರಲ್ಲಿ ಆ ಕಂಪನಿಯನ್ನು ಸರ್ಕಾರ ಮುಚ್ಚಬೇಕಾಯಿತು.

ಆದರೆ ಗೆದ್ದೆವೆಂದು ಬೀಗುವಂತಿಲ್ಲ. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರಿದ್ದರು. ಅವರ 1933ರ 'ಚೋಮನ ದುಡಿ'ಯ ಚೋಮ ಕೇಳಿದ್ದು ಉಳಲು ತುಂಡು ನೆಲ. ಸಿಗಲಿಲ್ಲ. ನೆಲ ಕಂಪನಿಯಿಂದ ಊರಿಗೆ ಉಳಿಯಿತು, ಸರಿ. ಊರೆಂದರೆ ಯಾರು? ಕೇರಿ ಅದರೊಳಗಿದೆಯೋ, ಹೊರಗಿದೆಯೋ? ಈ ಪ್ರಶ್ನೆಯನ್ನು ಚಳವಳಿಗಾರರಾದ ನಾವು ನಮಗೇ ಕೇಳಿಕೊಳ್ಳಬೇಕು.

ಯಾಕೆಂದರೆ ಕತೆ ಮುಗಿದಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್ ಸೌರ ವಿದ್ಯುತ್ತಿನ ಪಾರ್ಕ್ ಎದ್ದಿದೆ. ಹೊಗೆಯಿಲ್ಲ, ಮುಳುಗಡೆಯಿಲ್ಲ, ಒಳ್ಳೆಯದೇ. ಉತಾರ ಇದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗೇಣಿ ಗೊತ್ತಾಯಿತು. ಆ ಹೊಲಗಳಲ್ಲಿ ಕಳೆ ಕಿತ್ತ ಕೂಲಿ ಕೈಗಳಿಗೆ? ಉತಾರದಲ್ಲಿ ಅವುಗಳ ಕಾಲಮ್ಮೇ ಇಲ್ಲ. ಇನ್ನು ಕಾಡಿನ ನೆಲಕ್ಕೆ ಬಂದರೆ, 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಬಾಯಿ ಕೊಟ್ಟಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿಗಳು 75 ವರ್ಷದ ವಾಸಕ್ಕೆ ಪುರಾವೆ ತರಬೇಕು. ಅಕ್ಷರವನ್ನೇ ಮುಟ್ಟಗೊಡದವರ ಮೊಮ್ಮಕ್ಕಳು ಅಜ್ಜನ ಕಾಗದ ಎಲ್ಲಿಂದ ತರಬೇಕು?

ಮಾಸ್ತರರೇ, ನಿಮ್ಮೂರ ಗ್ರಾಮಸಭೆಯ ನಡಾವಳಿ ಪುಸ್ತಕವನ್ನೂ ಮಕ್ಕಳಿಂದ ಓದಿಸಿ. ಯಾರ ಹೆಬ್ಬೆಟ್ಟಿದೆ, ಯಾರದಿಲ್ಲ ಎಣಿಸಿ. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿ ತೊಟ್ಟು ಬಿಡಿಸಿ, ಉರಿಯುವ ಕೈಯಿಂದಲೇ ಸಂಜೆ ಒಲೆ ಹಚ್ಚುವ ಅವ್ವ ಆ ಸಭೆಯಲ್ಲಿ ಎದ್ದುನಿಂತು 'ಬ್ಯಾಡ' ಅಂದರೆ ಅದು ಪುಸ್ತಕಕ್ಕೆ ಏರಬೇಕು. ಅಲ್ಲೀತನಕ ನಮ್ಮ ಬೆಳಕಿನ ಪದ್ಯ ಯಾರಿಗೆ ಬೇಕಾಗೇದ?