ಬರಿಗಾಲಿನ ಹೀರೋ, ಗಂಟಲಿನ ಹೀರೋ

ತೊಂಬತ್ತರ ದಶಕದ ಆರಂಭದ ಹಾಲಿವುಡ್ ಆ್ಯಕ್ಷನ್ ಸಿನಿಮಾಗಳನ್ನು ಹುಬ್ಬಳ್ಳಿ-ಧಾರವಾಡದ ನಮ್ಮಲ್ಲಿ ಬಹಳ ಜನ ಮಾತು ತಿಳಿದು ನೋಡಿದವರಲ್ಲ. ಕನ್ನಡಕ್ಕೆ ಡಬ್ಬಿಂಗ್ ಇರಲಿಲ್ಲ, ಆ ಇಂಗ್ಲಿಷು ಕಿವಿಗೆ ಹತ್ತುತ್ತಿರಲಿಲ್ಲ. ಆದರೂ ‘ಟರ್ಮಿನೇಟರ್ 2’ (1991), ‘ಸ್ಪೀಡ್’ (1994) ಚಿತ್ರಗಳ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ‘ಸ್ಪೀಡ್’ನಲ್ಲಿ ಬಸ್ಸಿನ ವೇಗ ಗಂಟೆಗೆ 50 ಮೈಲಿಗಿಂತ ಇಳಿದರೆ ಬಾಂಬು ಸಿಡಿಯುತ್ತದೆ. ಅಷ್ಟು ಗೊತ್ತಾದರೆ ಸಾಕು, ಎರಡು ಗಂಟೆ ಕುರ್ಚಿಯ ತುದಿಗೆ ಕೂರಬಹುದು. (ನಮ್ಮ ಧಾರವಾಡದ ಬಸ್ಸಾಗಿದ್ದರೆ ಕಥೆ ನವಲೂರಿನಲ್ಲೇ ಮುಗಿಯುತ್ತಿತ್ತು.)

ಈ ಪರಂಪರೆಯ ಮೂಲ 1988ರ ‘ಡೈ ಹಾರ್ಡ್’. ದರೋಡೆಕೋರರು ಹಿಡಿದಿಟ್ಟ ಬಹುಮಹಡಿ ಕಟ್ಟಡದಲ್ಲಿ ಅದರ ಹೀರೋ ಬರಿಗಾಲಲ್ಲಿದ್ದಾನೆ. ಸತ್ತ ದರೋಡೆಕೋರನ ಬೂಟು ಹಾಕಿ ನೋಡುತ್ತಾನೆ, ಹಿಡಿಸುವುದಿಲ್ಲ. ನಾವು ಅದನ್ನು ತಮಾಷೆ ಅಂದುಕೊಂಡು ಮರೆತಿರುತ್ತೇವೆ. ಆದರೆ ಖಳನಾಯಕ ಆ ಪಾದಗಳನ್ನು ಗಮನಿಸಿದ್ದಾನೆ. ಗುಂಡಿನ ಕಾಳಗದ ನಡುವೆ ಗಾಜಿಗೆ ಹೊಡೆಯಿರಿ ಎನ್ನುತ್ತಾನೆ. ಮುಂದೆ ಹೀರೋ ರಕ್ತದ ಗೆರೆ ಎಳೆಯುತ್ತಾ ತೆವಳುವಾಗ ಆ ನೋವು ಪ್ರೇಕ್ಷಕನಿಗೂ ನಾಟುತ್ತದೆ. ಕಟ್ಟಡದ ಯಾವ ಮಹಡಿಯಲ್ಲಿ ಯಾರಿದ್ದಾರೆ, ಹೀರೋ ಬಳಿ ಏನು ಉಳಿದಿದೆ ಎಂಬ ಲೆಕ್ಕ ಎಲ್ಲೂ ತಪ್ಪುವುದಿಲ್ಲ. ಈ ಸಿನಿಮಾಗಳ ಸೆಳೆತ ಸ್ಫೋಟಗಳಲ್ಲಿರಲಿಲ್ಲ, ಈ ಲೆಕ್ಕದಲ್ಲಿತ್ತು.

ಕನ್ನಡದಲ್ಲಿ ಈ ಪಾಠವನ್ನು ಸರಿಯಾಗಿ ಓದಿಕೊಂಡವರು ಸುನಿಲ್ ಕುಮಾರ್ ದೇಸಾಯಿ. ಹಾಡಿಲ್ಲದ ‘ತರ್ಕ’ (1989) ಮಾಡಿದ್ದ ಅವರು ‘ನಿಷ್ಕರ್ಷ’ದಲ್ಲಿ (1993) ಬ್ಯಾಂಕಿಗೆ ನುಗ್ಗಿದ ದರೋಡೆಕೋರರನ್ನೂ ಒತ್ತೆಯಾಳುಗಳನ್ನೂ ಒಂದೇ ಕಟ್ಟಡದಲ್ಲಿ ಕೂಡಿಹಾಕಿದರು. ‘ಡೈ ಹಾರ್ಡ್’ನ ನೆರಳು ಢಾಳಾಗಿಯೇ ಇದೆ. ಆದರೆ ವಿಷ್ಣುವರ್ಧನ್ ಅವರಂಥ ಸ್ಟಾರ್ ಕೈಯಲ್ಲಿದ್ದೂ ಕಥೆಯನ್ನು ಕಟ್ಟಡದಿಂದ ಆಚೆ ಅಲೆದಾಡಲು ಬಿಡದ ಹಟ ದೇಸಾಯಿ ಅವರದೇ. ಪೊಲೀಸ್ ಇಲಾಖೆಯಿಂದ ಬಂದ ಬಿ.ಸಿ. ಪಾಟೀಲರು ಬಣ್ಣ ಹಚ್ಚಿದ್ದೂ ಇದೇ ಚಿತ್ರದಲ್ಲಿ. ಆಮೇಲೆ ಅವರು ಹಿರೇಕೆರೂರಿನ ಶಾಸಕರಾದರು.

ಉಳಿದವರು ಲೆಕ್ಕ ಬಿಟ್ಟು ಗತ್ತನ್ನಷ್ಟೇ ತಂದರು. ಶಂಕರ್‌ನಾಗ್ ಅವರ ‘ಸಾಂಗ್ಲಿಯಾನ’ (1988) ಚಿತ್ರದ ಪೊಲೀಸ್ ಅಧಿಕಾರಿಗೆ ತುಂಟತನವಾದರೂ ಇತ್ತು. ಸಾಹಸ ನಿರ್ದೇಶಕ ಥ್ರಿಲ್ಲರ್ ಮಂಜು ಅವರೇ ನಿರ್ದೇಶಿಸಿದ ‘ಪೊಲೀಸ್ ಸ್ಟೋರಿ’ಯ (1996) ಹೊತ್ತಿಗೆ ಹೊಡೆದಾಟಕ್ಕಿಂತ ಸಾಯಿಕುಮಾರ್ ಗಂಟಲೇ ದೊಡ್ಡ ಆಯುಧ. ಶಿಳ್ಳೆ ಬೀಳುತ್ತಿದ್ದುದು ನಿಜ, ಆ ಉಸಿರು ಬಿಡದ ಡೈಲಾಗುಗಳಿಗೆ ಮೈ ಜುಂ ಎನ್ನುವುದೂ ನಿಜ. ಆದರೆ ಗಾಯವೇ ಆಗದ ಹೀರೋ ಬಗ್ಗೆ ಭಯಪಡಲು ಏನಿದೆ?

ದೋಷಗಳ ಮಾತಿಗೆ ಬಂದರೆ ಹಾಲಿವುಡ್ಡೂ ಸಾಚಾ ಅಲ್ಲ. ‘ಟ್ರೂ ಲೈಸ್’ನಲ್ಲಿ (1994) ಗಂಡನೇ ಗುರುತು ಮರೆಸಿಕೊಂಡು ಹೆಂಡತಿಯನ್ನು ವಿಚಾರಣೆ ಮಾಡುತ್ತಾನೆ, ಆಮೇಲೆ ಹೋಟೆಲ್ ಕೋಣೆಯಲ್ಲಿ ಬಟ್ಟೆ ಕಳಚಿಸಿ ಕುಣಿಸುತ್ತಾನೆ, ನಾವು ನಗಬೇಕು. ಅದರ ಅರಬ್ ಖಳರನ್ನು ನೋಡಿ ಅಮೆರಿಕದ ಅರಬ್ ಸಮುದಾಯದವರು ಪ್ರತಿಭಟಿಸಿದ್ದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಪೊಲೀಸ್ ಸಿನಿಮಾಗಳ ಕಾಯಿಲೆ ಬೇರೆ: ಕೋರ್ಟು ಎಂದರೆ ಅಡ್ಡಿ, ಗುಂಡು ಎಂದರೆ ನ್ಯಾಯ. ಇದೇ 1994ರ ಆಗಸ್ಟ್ 15ರಂದು ಈದ್ಗಾ ಮೈದಾನದ ಗಲಾಟೆಯಲ್ಲಿ ಹುಬ್ಬಳ್ಳಿಯೊಳಗೆ ಗೋಲಿಬಾರ್ ಆಗಿ ಜನ ಸತ್ತರು. ಕರ್ಫ್ಯೂ ಕಂಡ ಊರಿಗೆ, ಪೊಲೀಸ್ ಗುಂಡು ಯಾವಾಗಲೂ ಖಳನಿಗೇ ತಾಗುತ್ತದೆ ಎಂಬ ಕಥೆಯನ್ನು ಮಾರುವುದು ಅಷ್ಟು ಸುಲಭವಾಗಬಾರದಿತ್ತು. ಆದರೂ ಮಾರಿದರು, ನಾವೂ ಕೊಂಡೆವು.

ಇನ್ನೊಂದು ದೂರು ನಮ್ಮ ಭಾಗದವರದ್ದೇ. ಆ ಕಾಲದ ಚಿತ್ರಗಳಲ್ಲಿ ಹುಬ್ಬಳ್ಳಿ ಕನ್ನಡ ಕೇಳಿಸಿದರೆ ಅದು ಹೆಚ್ಚಾಗಿ ಹಾಸ್ಯಕ್ಕೆ. ಆರ್ಡರ್ ಕೊಡುವ ಕಮಿಷನರು ಬೆಂಗಳೂರಿನ ಕನ್ನಡದಲ್ಲೇ ಗುಡುಗಬೇಕು.

‘ನಿಷ್ಕರ್ಷ’ ನೋಡದವರು ಒಮ್ಮೆ ನೋಡಿ. ಮೂವತ್ತು ವರ್ಷ ದಾಟಿದರೂ ಅದರ ಬಿಗಿ ಸಡಿಲಾಗಿಲ್ಲ. ‘ಪೊಲೀಸ್ ಸ್ಟೋರಿ’ಯನ್ನು ಬೇಕಾದರೆ ಕಣ್ಣು ಮುಚ್ಚಿಕೊಂಡೇ ಕೇಳಬಹುದು.